ಏಳು ಅಂಕಿಯಿಂದ ಎಪ್ಪತ್ತೊಂಬತ್ತಕ್ಕೆ: ಅಭ್ಯಾಸದ ಒಂದು ಪ್ರಕರಣ ಅಧ್ಯಯನ

ಎದುರಿಗೆ ಕುಳಿತ ಒಬ್ಬರು ಸೆಕೆಂಡಿಗೆ ಒಂದರಂತೆ, ಒಂದಕ್ಕೊಂದು ಸಂಬಂಧವಿಲ್ಲದ ಅಂಕಿಗಳನ್ನು ಓದುತ್ತಾ ಹೋಗುತ್ತಾರೆ. ಅವರು ನಿಲ್ಲಿಸಿದ ಕೂಡಲೇ ಅಷ್ಟನ್ನೂ ಅದೇ ಕ್ರಮದಲ್ಲಿ ಒಪ್ಪಿಸಬೇಕು. ಐದು ಅಂಕಿಗಳಾದರೆ ಕಷ್ಟವೇನಿಲ್ಲ. ಏಳಾದರೆ ತುಟಿಯೊಳಗೇ ಗೊಣಗಿಕೊಳ್ಳಬೇಕಾಗುತ್ತದೆ. ಒಂಬತ್ತೋ ಹತ್ತೋ ಆಗುವಷ್ಟರಲ್ಲಿ ನಡುವಿನ ಒಂದು ಅಂಕಿ ಎಲ್ಲೋ ಜಾರಿಹೋಗಿರುತ್ತದೆ, ಅದನ್ನು ಹುಡುಕಹೋದರೆ ಕೊನೆಯವೂ ಕೈತಪ್ಪುತ್ತವೆ. ಬಹುತೇಕ ಎಲ್ಲರ ಅನುಭವವೂ ಇಷ್ಟೇ ಆಗಿರುವುದರಿಂದ ಇದನ್ನು ಮನುಷ್ಯನ ಮನಸ್ಸಿನ ಕಟ್ಟಳೆಯೆಂದೇ ಭಾವಿಸಲಾಗಿತ್ತು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಈ ಮಿತಿಯನ್ನು ಏಳು, ಹೆಚ್ಚೆಂದರೆ ಎರಡು ಜಾಸ್ತಿ ಅಥವಾ ಎರಡು ಕಡಿಮೆ ಎಂದು ಗುರುತಿಸಿದ ಮೇಲೆ ಆ ಸಂಖ್ಯೆಗೆ ಒಂದು ಬಗೆಯ ಶಾಸ್ತ್ರೀಯ ಮುದ್ರೆಯೂ ಬಿತ್ತು.

ಈ ಬರಹ ಆ ಮಿತಿಯನ್ನು ಹತ್ತು ಪಟ್ಟಿಗಿಂತ ಹೆಚ್ಚು ದಾಟಿದ ಒಬ್ಬ ಸಾಮಾನ್ಯ ವಿದ್ಯಾರ್ಥಿಯ ಪ್ರಕರಣವನ್ನು ಕುರಿತದ್ದು. ಅಭ್ಯಾಸದ ಬಗ್ಗೆ ಮಾತನಾಡುವವರು ಇದನ್ನು ಆಗಾಗ ಉಲ್ಲೇಖಿಸುತ್ತಾರೆ. ಆದರೆ ಹೆಚ್ಚಿನವರು ಮೊದಲ ಸಂಖ್ಯೆಯನ್ನೂ ಕೊನೆಯ ಸಂಖ್ಯೆಯನ್ನೂ ಹೇಳಿ, ನಡುವಿನದನ್ನು ‘ಸತತ ಪರಿಶ್ರಮ’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತಾರೆ. ನನ್ನ ಆಸಕ್ತಿ ಇರುವುದು ಆ ನಡುವಿನ ಭಾಗದಲ್ಲಿ. ಅಲ್ಲಿ ನಡೆದದ್ದು ಮಾಡಿದ್ದನ್ನೇ ಮಾಡುವ ಗಾಣದೆತ್ತಿನ ದುಡಿಮೆಯಲ್ಲ. ದಿನದಿನವೂ ತಪ್ಪುವಂತೆ ಏರ್ಪಡಿಸಿಕೊಂಡು, ತಪ್ಪಿದ ಜಾಗ ಯಾವುದೆಂದು ನೋಡಿ, ಆ ಜಾಗವನ್ನಷ್ಟೇ ತಿದ್ದಿದ ಕೆಲಸ ಅದು.

ಪ್ರಯೋಗದ ಏರ್ಪಾಡು

1970ರ ದಶಕದ ಕೊನೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಚೇಸ್ ಮತ್ತು ಸ್ವೀಡನ್ನಿನಿಂದ ಬಂದಿದ್ದ ಯುವ ಸಂಶೋಧಕ ಆಂಡರ್ಸ್ ಎರಿಕ್ಸನ್ ಈ ಪ್ರಯೋಗವನ್ನು ಕೈಗೊಂಡರು. ಇಂಥ ಪ್ರಯತ್ನ ಹಿಂದೆಯೂ ನಡೆದಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಕೆಲವು ತಿಂಗಳ ಅಭ್ಯಾಸದಿಂದ ತಮ್ಮ ಮಿತಿಯನ್ನು ನಾಲ್ಕು ನಾಲ್ಕು ಅಂಕಿಗಳಷ್ಟು ಏರಿಸಿಕೊಂಡ ವರದಿಯೊಂದು 1929ರಲ್ಲೇ ಪ್ರಕಟವಾಗಿತ್ತು. ಏರಿಕೆ ಆಯಿತೆಂಬುದು ಅದರಿಂದ ತಿಳಿಯುತ್ತಿತ್ತೇ ಹೊರತು, ಹೇಗೆ ಆಯಿತೆಂಬುದು ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಎರಿಕ್ಸನ್ನರಿಗೆ ಬೇಕಾಗಿದ್ದದ್ದು ಆ ‘ಹೇಗೆ’.

ಅವರು ಆರಿಸಿಕೊಂಡ ವಿದ್ಯಾರ್ಥಿಯನ್ನು ಸಂಶೋಧನಾ ಪ್ರಬಂಧಗಳು ಎಸ್.ಎಫ್. ಎಂಬ ಎರಡಕ್ಷರಗಳಿಂದ ಗುರುತಿಸುತ್ತವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವರು ಪದವಿ ತರಗತಿಯಲ್ಲಿ ಓದುತ್ತಿದ್ದರು. ಬುದ್ಧಿಮತ್ತೆ, ನೆನಪಿನ ಶಕ್ತಿ ಎರಡರಲ್ಲೂ ಅವರು ಸರಾಸರಿ ಕಾಲೇಜು ವಿದ್ಯಾರ್ಥಿಯಂತೆಯೇ ಇದ್ದರು, ಮೊದಲ ದಿನಗಳಲ್ಲಿ ಅವರ ಮಿತಿಯೂ ಎಲ್ಲರಂತೆ ಏಳು ಅಂಕಿಗಳೇ ಆಗಿತ್ತು. ಅವರಲ್ಲಿ ಬೇರೆಯಾಗಿದ್ದ ಒಂದೇ ಸಂಗತಿಯೆಂದರೆ ಅವರು ದೂರದ ಓಟದಲ್ಲಿ ಪಳಗಿದ ಸ್ಪರ್ಧಿಯಾಗಿದ್ದರು. ಅಂಕಿಗಳಿಗೂ ಓಟಕ್ಕೂ ಏನು ಸಂಬಂಧವೆಂದು ಆ ಹೊತ್ತಿನಲ್ಲಿ ಯಾರಿಗೂ ಅನ್ನಿಸಿರಲಾರದು.

ಏರ್ಪಾಡು ತೀರ ಸರಳವಾಗಿತ್ತು. ವಾರಕ್ಕೆ ಮೂರರಿಂದ ಐದು ದಿನ, ದಿನಕ್ಕೆ ಸುಮಾರು ಒಂದು ಗಂಟೆ. ಸರಣಿಯನ್ನು ಸರಿಯಾಗಿ ಒಪ್ಪಿಸಿದರೆ ಮುಂದಿನ ಸರಣಿಗೆ ಒಂದು ಅಂಕಿ ಸೇರುತ್ತಿತ್ತು, ತಪ್ಪಿದರೆ ಒಂದು ಅಂಕಿ ಕಳೆಯುತ್ತಿತ್ತು. ಒಟ್ಟು ಸರಣಿಗಳಲ್ಲಿ ಅರ್ಧದಷ್ಟರಲ್ಲಿ, ಸರಣಿ ಮುಗಿದ ಕೂಡಲೇ, ಈಗತಾನೇ ಮನಸ್ಸಿನಲ್ಲಿ ಏನೇನು ನಡೆಯಿತೆಂಬುದನ್ನು ಎಸ್.ಎಫ್. ಬಾಯಿಬಿಟ್ಟು ವಿವರಿಸಬೇಕಾಗಿತ್ತು. ಗಂಟೆಯ ಕೊನೆಯಲ್ಲಿ, ಅಂದು ಕೇಳಿದ ಅಂಕಿಗಳಲ್ಲಿ ನೆನಪಿರುವಷ್ಟನ್ನೆಲ್ಲ ಮತ್ತೊಮ್ಮೆ ಹೇಳಬೇಕಾಗಿತ್ತು.

ಈ ಏರ್ಪಾಡಿನಲ್ಲಿ ಓದುಗರು ಸುಲಭವಾಗಿ ದಾಟಿಹೋಗಬಹುದಾದ ಒಂದು ಅಂಶವಿದೆ. ಸರಿಯಾದರೆ ಒಂದು ಹೆಚ್ಚು, ತಪ್ಪಿದರೆ ಒಂದು ಕಡಿಮೆ ಎಂಬ ನಿಯಮದಲ್ಲಿ ಅಭ್ಯಾಸಿಯ ಸಾಮರ್ಥ್ಯ ಎಷ್ಟೇ ಬೆಳೆದರೂ ಸುಮಾರು ಅರ್ಧದಷ್ಟು ಪ್ರಯತ್ನಗಳಲ್ಲಿ ಆತ ಸೋಲುತ್ತಲೇ ಇರುತ್ತಾನೆ, ಏಕೆಂದರೆ ಗೆದ್ದ ಕೂಡಲೇ ಕೆಲಸವೂ ಒಂದು ಮೆಟ್ಟಿಲು ಮೇಲೇರಿ ನಿಲ್ಲುತ್ತದೆ. ಹತ್ತು ಅಂಕಿಗಳ ಕಾಲದಲ್ಲೂ ಅರವತ್ತು ಅಂಕಿಗಳ ಕಾಲದಲ್ಲೂ ಎಸ್.ಎಫ್. ಪಾಲಿಗೆ ಸೋಲಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದಿರಬೇಕು. ನಾವು ಸಾಮಾನ್ಯವಾಗಿ ಅಭ್ಯಾಸವೆಂದು ಕರೆಯುವುದು ಇದಕ್ಕೆ ತೀರ ವಿರುದ್ಧವಾದದ್ದು. ಬರುವುದನ್ನೇ ಮತ್ತೆ ಮತ್ತೆ ಮಾಡಿ, ತಪ್ಪಿಲ್ಲದೆ ಮುಗಿಸಿದ ಸಮಾಧಾನದಿಂದ ಏಳುತ್ತೇವೆ. ಆ ಸಮಾಧಾನ ಕೈ ಕುದುರಿರುವುದನ್ನು ತೋರಿಸುತ್ತದೆ, ಕೈ ಬೆಳೆಯುತ್ತಿದೆಯೆಂಬುದನ್ನಲ್ಲ.

ಮೊದಲ ತಿರುವು

ಮೊದಲ ನಾಲ್ಕು ದಿನ ಎಲ್ಲರೂ ಮಾಡುವುದನ್ನೇ ಎಸ್.ಎಫ್. ಕೂಡ ಮಾಡಿದರು. ಕೇಳಿದ ಅಂಕಿಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು, ಓದುವುದು ನಿಂತ ಕೂಡಲೇ ಒದರಿಬಿಡುವುದು. ಅದರಿಂದ ಎಂಟೋ ಒಂಬತ್ತೋ ಅಂಕಿಗಳವರೆಗೆ ಹೋಗಲು ಸಾಧ್ಯವಾಯಿತು, ಅಲ್ಲಿಗೆ ನಿಂತಿತು. ಐದನೆಯ ದಿನ ಹತ್ತು ಅಂಕಿಗಳು ಸರಿಬಂದವು, ನಂತರ ಹನ್ನೊಂದು. ವಿವರಣೆ ಕೇಳಿದಾಗ ಹೊರಬಿದ್ದ ಸಂಗತಿಯೆಂದರೆ, ಅವರು ಅಂಕಿಗಳನ್ನು ಅಂಕಿಗಳಾಗಿ ನೆನಪಿಡುವುದನ್ನು ಬಿಟ್ಟು, ಮೂರು ಅಥವಾ ನಾಲ್ಕನ್ನು ಒಟ್ಟುಮಾಡಿ ಓಟದ ಸಮಯಗಳಾಗಿ ಕೇಳಿಸಿಕೊಳ್ಳತೊಡಗಿದ್ದರು.

3, 4, 9, 2 ಎಂಬ ನಾಲ್ಕು ಅಂಕಿಗಳು ಬಂದರೆ ಅವರ ಪಾಲಿಗೆ ಅದು 3 ನಿಮಿಷ 49.2 ಸೆಕೆಂಡು, ಅಂದರೆ ಒಂದು ಮೈಲಿ ಓಟದ ವಿಶ್ವದಾಖಲೆಯ ಹತ್ತಿರದ ಸಮಯ. ಇದು ಎಷ್ಟು ಹತ್ತಿರವೆಂದರೆ, ನ್ಯೂಜಿಲೆಂಡಿನ ಜಾನ್ ವಾಕರ್ 1975ರಲ್ಲಿ ಸ್ಥಾಪಿಸಿದ ದಾಖಲೆ 3 ನಿಮಿಷ 49.4 ಸೆಕೆಂಡು, ಅದನ್ನು 1979ರಲ್ಲಿ ಮುರಿದ ಬ್ರಿಟನ್ನಿನ ಸೆಬಾಸ್ಟಿಯನ್ ಕೋ ಅವರ ಸಮಯ 3 ನಿಮಿಷ 49.0 ಸೆಕೆಂಡು. ನಮ್ಮ ನಿಮ್ಮಂಥವರಿಗೆ ನಾಲ್ಕು ಬಿಡಿ ಅಂಕಿಗಳಾಗಿ ಕೇಳಿಸುವುದು ಆ ಓಟಗಾರನಿಗೆ ಎರಡು ದಾಖಲೆಗಳ ನಡುವೆ ನಿಂತ ಒಂದು ಓಟವಾಗಿ ಕೇಳಿಸುತ್ತಿತ್ತು. ಅರ್ಧ ಮೈಲಿಯಿಂದ ಮ್ಯಾರಥಾನ್‌ವರೆಗೆ ಬೇರೆ ಬೇರೆ ದೂರಗಳಿಗೆ ಬೇರೆ ಬೇರೆ ಸಮಯಗಳು ಅವರ ತಲೆಯಲ್ಲಿ ಮೊದಲೇ ಬೇರೂರಿದ್ದವು. ಯಾವುದು ಚುರುಕಿನ ಸಮಯ, ಯಾವುದು ಮಂದ, ಯಾವುದು ತಮ್ಮ ಸ್ವಂತ ಸಾಧನೆಯ ಮಟ್ಟ ಎಂಬುದನ್ನು ಯೋಚಿಸದೆಯೇ ಹೇಳಬಲ್ಲವರಾಗಿದ್ದರು. ಹೊಸ ಅಂಕಿಗಳು ಬಂದು ಆ ಹಳೆಯ ತಿಳಿವಳಿಕೆಗೆ ಅಂಟಿಕೊಳ್ಳುತ್ತಿದ್ದವು.

ಎಲ್ಲ ಅಂಕಿಗಳೂ ಸಮಯವಾಗಲಾರವು. 893 ಎಂಬುದನ್ನು 8 ನಿಮಿಷ 93 ಸೆಕೆಂಡು ಎನ್ನಲು ಬರುವುದಿಲ್ಲ, ಸೆಕೆಂಡುಗಳು ಅರವತ್ತಕ್ಕೆ ಮುಗಿಯುತ್ತವೆ. ಇಂಥ ಗುಂಪುಗಳಿಗಾಗಿ ಎಸ್.ಎಫ್. ಎರಡನೆಯ ಬಗೆಯೊಂದನ್ನು ಕಂಡುಕೊಂಡರು. 893 ಎಂದರೆ 89.3 ವರ್ಷದ ಹಣ್ಣು ಹಣ್ಣು ಮುದುಕ. ಮುಂದೆ ಇಸವಿಗಳೂ ದಿನಾಂಕಗಳೂ ಸೇರಿಕೊಂಡವು. 1944 ಎಂದರೆ ಎರಡನೆಯ ಮಹಾಯುದ್ಧದ ಕೊನೆಯ ಹೊತ್ತು.

ಇದು ಕೆಲಸಕ್ಕೆ ಬರುವ ಬಗೆಯನ್ನು ಕಾಣಲು ನಾನೇ ಜೋಡಿಸಿದ ಒಂದು ಸರಣಿಯನ್ನು ತೆಗೆದುಕೊಳ್ಳೋಣ: 3492194489361705. ಹದಿನಾರು ಅಂಕಿಗಳು, ಕೇಳಿ ಮುಗಿಸಲು ಹದಿನಾರು ಸೆಕೆಂಡು. ಮೊದಲ ನಾಲ್ಕು ಕಿವಿಗೆ ಬೀಳುತ್ತಿದ್ದಂತೆ ಮೈಲಿ ಓಟ ಸಿದ್ಧವಾಗುತ್ತದೆ. ಐದನೆಯ ಅಂಕಿ ಬರುವ ಮೊದಲೇ ಅದನ್ನು ಕಟ್ಟಿ ಪಕ್ಕಕ್ಕಿಡಬೇಕು, ಏಕೆಂದರೆ ಓದುವವರು ಕಾಯುವುದಿಲ್ಲ. ಮುಂದಿನ ನಾಲ್ಕಕ್ಕೆ ಯುದ್ಧದ ವರ್ಷ, ಅದರ ಮುಂದಿನ ಮೂರಕ್ಕೆ ಮುದುಕ. ಉಳಿದ 61705 ಎಂಬ ಐದನ್ನು ಯಾವುದಕ್ಕೂ ಜೋಡಿಸದೆ, ಎಲ್ಲರೂ ಮಾಡುವ ಹಾಗೆ ಮನಸ್ಸಿನಲ್ಲೇ ಗುನುಗುತ್ತಾ ಇಟ್ಟುಕೊಳ್ಳುವುದು. ಒಪ್ಪಿಸುವಾಗ ಓಟ, ವರ್ಷ, ಮುದುಕ ಒಬ್ಬೊಬ್ಬರಾಗಿ ಬಂದು ತಮ್ಮ ಅಂಕಿಗಳನ್ನು ಬಿಚ್ಚಿಕೊಡುತ್ತವೆ, ಕೊನೆಗೆ ಗುನುಗುತ್ತಿದ್ದ ಬಾಲ. ನೆನಪಿಡಬೇಕಾಗಿ ಬಂದದ್ದು ಹದಿನಾರಲ್ಲ, ಮೂರು ವಸ್ತುಗಳು ಮತ್ತು ಒಂದು ಬಾಲ.

ನಿಂತುಹೋದ ದಿನಗಳು

ಗುಂಪು ಮಾಡುವ ಉಪಾಯ ಸಿಕ್ಕಿದ ಮೇಲೆ ದಾರಿ ನೇರವಾಯಿತೆಂದು ತಿಳಿಯಬಾರದು. ಲೆಕ್ಕ ಹಾಕಿ ನೋಡಿದರೆ ಮುಂದಿನ ಗೋಡೆ ಎಲ್ಲಿರುತ್ತದೆಂಬುದು ಮೊದಲೇ ಗೊತ್ತಾಗುತ್ತದೆ. ಒಬ್ಬ ಮನುಷ್ಯ ಕ್ರಮ ತಪ್ಪದೆ ಹಿಡಿದಿಡಬಲ್ಲ ಗುಂಪುಗಳು ಮೂರೋ ನಾಲ್ಕೋ. ಒಂದೊಂದರಲ್ಲಿ ನಾಲ್ಕು ಅಂಕಿಗಳಂತೆ ಹನ್ನೆರಡು ಅಥವಾ ಹದಿನಾರು, ಅದರ ಮೇಲೆ ಗುನುಗುವ ಬಾಲದಲ್ಲಿ ಹೆಚ್ಚೆಂದರೆ ಆರು. ಒಟ್ಟು ಹದಿನೆಂಟರಿಂದ ಇಪ್ಪತ್ತೆರಡು. ಎಸ್.ಎಫ್. ನಿಂತದ್ದೂ ಸರಿಸುಮಾರು ಅಲ್ಲಿಯೇ. ಅಲ್ಲಿ ತಪ್ಪುತ್ತಿದ್ದದ್ದು ಅಂಕಿಗಳಲ್ಲ, ಗುಂಪುಗಳ ಸರದಿ. ಓಟವೂ ಮುದುಕನೂ ನೆನಪಿನಲ್ಲಿದ್ದರೂ ಯಾರು ಮೊದಲು, ಯಾರು ನಂತರ ಎಂಬುದು ಕಲಸಿಹೋಗುತ್ತಿತ್ತು.

ಗಂಟೆಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಇದು ಬಗೆಹರಿಯುವಂಥದ್ದಲ್ಲ. ಹಳೆಯ ರೀತಿಯಲ್ಲೇ ಇನ್ನೂ ನೂರು ಗಂಟೆ ದುಡಿದಿದ್ದರೂ ನಾಲ್ಕು ಗುಂಪುಗಳ ಮಿತಿ ನಾಲ್ಕಾಗಿಯೇ ಉಳಿಯುತ್ತಿತ್ತು. ಎಸ್.ಎಫ್. ಕಂಡುಕೊಂಡ ಪರಿಹಾರವೆಂದರೆ ಗುಂಪುಗಳನ್ನೇ ಮತ್ತೆ ಗುಂಪು ಮಾಡುವುದು. ನಾಲ್ಕಂಕಿಯ ಕೆಲವು ಗುಂಪುಗಳು ಸೇರಿ ಒಂದು ದೊಡ್ಡ ಗುಂಪು, ಮೂರಂಕಿಯ ಕೆಲವು ಗುಂಪುಗಳು ಸೇರಿ ಇನ್ನೊಂದು. ಸರಣಿಯ ಉದ್ದವನ್ನು ಮೊದಲೇ ತಿಳಿದುಕೊಂಡು, ಅದನ್ನು ಹೇಗೆ ಒಡೆಯಬೇಕೆಂಬ ನಕ್ಷೆಯನ್ನು ಓದುವಿಕೆ ಶುರುವಾಗುವ ಮುಂಚೆಯೇ ಮನಸ್ಸಿನಲ್ಲಿ ಸಿದ್ಧಮಾಡಿಕೊಳ್ಳುತ್ತಿದ್ದರು. ಖಾಲಿ ಗೂಡುಗಳಿರುವ ಕಪಾಟನ್ನು ಮೊದಲು ನಿಲ್ಲಿಸಿ, ಆಮೇಲೆ ಸಾಮಾನು ಬಂದ ಹಾಗೆ ಗೂಡು ಗೂಡಿಗೆ ಇಡುವ ಕ್ರಮವಿದು. ಈ ಜೋಡಣೆ ಅವರ ಮಾತಿನಲ್ಲೂ ಕೇಳಿಸುತ್ತಿತ್ತು. ಒಪ್ಪಿಸುವಾಗ ಒಂದು ಗುಂಪು ಮುಗಿದಲ್ಲಿ ಚಿಕ್ಕ ನಿಲುಗಡೆ, ದೊಡ್ಡ ಗುಂಪು ಮುಗಿದಲ್ಲಿ ಇನ್ನೂ ಉದ್ದದ ನಿಲುಗಡೆ, ಜೊತೆಗೆ ವಾಕ್ಯ ಮುಗಿಸುವಾಗ ಇಳಿಯುವ ಹಾಗೆ ಇಳಿಯುವ ದನಿ.

ಹೀಗೆ ನಿಂತುಹೋದ ಸಂದರ್ಭಗಳು ಮುಂದೆಯೂ ಬಂದವು, ಅವುಗಳನ್ನು ಸಂಶೋಧಕರು ಎದುರಿಸಿದ ರೀತಿ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ತನ್ನ ಕೊನೆಯ ಮಿತಿ ಇದೇ ಇರಬಹುದೆಂದು ಅಭ್ಯಾಸಿಗೆ ಅನ್ನಿಸತೊಡಗಿದಾಗ ಎರಿಕ್ಸನ್ ಅದನ್ನು ಒಪ್ಪಲೂ ಇಲ್ಲ, ಇನ್ನಷ್ಟು ಶ್ರಮಪಡು ಎಂದು ಹುರಿದುಂಬಿಸಿ ಕೈತೊಳೆದುಕೊಳ್ಳಲೂ ಇಲ್ಲ, ಪರೀಕ್ಷೆಯನ್ನೇ ಬದಲಿಸಿದರು. ಒಮ್ಮೆ ಅಂಕಿಗಳನ್ನು ಎಂದಿಗಿಂತ ಸ್ವಲ್ಪ ನಿಧಾನವಾಗಿ ಓದಿದರು. ಆಗ ಎಸ್.ಎಫ್. ಸಲೀಸಾಗಿ ಹೆಚ್ಚು ಅಂಕಿಗಳನ್ನು ಒಪ್ಪಿಸಿದರು. ಅಂದರೆ ತೊಡಕಿದ್ದದ್ದು ನೆನಪಿನ ಜಾಗದಲ್ಲಲ್ಲ, ಕೇಳಿದ್ದನ್ನು ಗುಂಪಾಗಿ ಕಟ್ಟುವ ವೇಗದಲ್ಲಿ. ಇನ್ನೊಮ್ಮೆ ಅವರು ದಾಟಿದ್ದ ಉದ್ದಕ್ಕಿಂತ ಹತ್ತಕ್ಕೂ ಹೆಚ್ಚು ಅಂಕಿಗಳಿದ್ದ ಸರಣಿಗಳನ್ನು ಕೊಟ್ಟರು. ಪೂರ್ತಿ ಸರಿಬರದಿದ್ದರೂ ಬಹುಪಾಲು ಅಂಕಿಗಳು ಸರಿಬಂದವು, ತಪ್ಪುಗಳು ಎಲ್ಲೆಡೆ ಹರಡಿರದೆ ಒಂದೆರಡು ಗುಂಪುಗಳಲ್ಲೇ ಸೇರಿಕೊಂಡಿದ್ದವು. ಗೋಡೆಯೆಂದು ಕಂಡದ್ದರಲ್ಲಿ ಸಡಿಲವಾದ ಒಂದೆರಡು ಇಟ್ಟಿಗೆಗಳಷ್ಟೇ ಇದ್ದವು.

ಯಾವುದೇ ವಿದ್ಯೆಯಲ್ಲಿ ಪ್ರಗತಿ ನಿಂತಾಗ ‘ನನ್ನಿಂದ ಇಷ್ಟೇ ಸಾಧ್ಯ’ ಎಂಬ ತೀರ್ಮಾನಕ್ಕೆ ಬರುವವರು ಸಾಮಾನ್ಯವಾಗಿ ಈ ಎರಡು ಪರೀಕ್ಷೆಗಳಲ್ಲಿ ಒಂದನ್ನೂ ಮಾಡಿ ನೋಡಿರುವುದಿಲ್ಲ. ವಾದ್ಯ ಕಲಿಯುವವರು ಕಷ್ಟದ ಭಾಗವನ್ನು ಅರ್ಧ ವೇಗದಲ್ಲಿ ನುಡಿಸಿದಾಗ ತಪ್ಪು ಮಾಯವಾದರೆ ಬೆರಳಿಗೆ ಜಾಗ ಗೊತ್ತಿದೆ, ವೇಗ ಮಾತ್ರ ಸಾಲದು. ಅರ್ಧ ವೇಗದಲ್ಲೂ ತಪ್ಪು ಅದೇ ಸ್ಥಳದಲ್ಲಿ ಉಳಿದರೆ ಬೆರಳಿನ ಜೋಡಣೆಯೇ ಸರಿಯಿಲ್ಲ. ಈ ಎರಡು ರೋಗಗಳಿಗೆ ಮದ್ದು ಬೇರೆ ಬೇರೆ. ಇಡೀ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಇಪ್ಪತ್ತು ಸಲ ನುಡಿಸುವುದು ಎರಡರಲ್ಲಿ ಯಾವುದಕ್ಕೂ ಮದ್ದಲ್ಲ.

ಬೆಳೆದದ್ದು ಏನು

ಇಪ್ಪತ್ತು ತಿಂಗಳಲ್ಲಿ, 230ಕ್ಕೂ ಹೆಚ್ಚು ಗಂಟೆಗಳ ಅಭ್ಯಾಸದ ನಂತರ, ಎಸ್.ಎಫ್. 79 ಅಂಕಿಗಳನ್ನು ತಲುಪಿದರು. ಚೇಸ್, ಎರಿಕ್ಸನ್ ಮತ್ತು ಸ್ಟೀವ್ ಎಂಬ ಮೊದಲ ಹೆಸರಿನಿಂದ ಹೊರಗಿನ ಲೋಕಕ್ಕೆ ಪರಿಚಿತರಾದ ಈ ವಿದ್ಯಾರ್ಥಿಯ ಕೆಲಸದ ವರದಿ 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದುವರಿದ ಅಭ್ಯಾಸದಲ್ಲಿ ಅವರು 82ರವರೆಗೆ ಹೋದರು. ಸರಾಸರಿ ತೆಗೆದರೆ ಸುಮಾರು ಮೂರು ಗಂಟೆಗೆ ಒಂದು ಅಂಕಿಯ ಏರಿಕೆ. ಆದರೆ ಈಗಾಗಲೇ ಹೇಳಿದಂತೆ ಆ ಸರಾಸರಿ ದರದಲ್ಲಿ ಅವರು ಯಾವ ದಿನವೂ ನಡೆದಿರಲಾರರು. ಗಂಟೆಯ ಕೊನೆಯ ಪರೀಕ್ಷೆಯ ಫಲವೂ ಅಷ್ಟೇ ಗಮನಾರ್ಹವಾದದ್ದು. ಮೊದಮೊದಲು ಗಂಟೆ ಮುಗಿಯುವಷ್ಟರಲ್ಲಿ ಅಂದು ಕೇಳಿದ್ದೆಲ್ಲ ಬಹುತೇಕ ಅಳಿಸಿಹೋಗಿರುತ್ತಿತ್ತು. ಕೊನೆಕೊನೆಗೆ ಆ ದಿನ ಕೇಳಿದ ಒಟ್ಟು ಅಂಕಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಅವರು ಮತ್ತೆ ಹೇಳಬಲ್ಲವರಾಗಿದ್ದರು.

ಹಾಗಾದರೆ ನೆನಪಿನ ಶಕ್ತಿ ಹತ್ತು ಪಟ್ಟು ಬೆಳೆಯಿತೇ? ಸಂಶೋಧಕರು ಈ ಪ್ರಶ್ನೆಯನ್ನು ಊಹೆಗೆ ಬಿಡಲಿಲ್ಲ. ಅಭ್ಯಾಸ ಶುರುವಾಗಿ ಮೂರು ತಿಂಗಳಾದ ಮೇಲೆ ಒಂದು ದಿನ ಅಂಕಿಗಳ ಬದಲು ಅಕ್ಷರಗಳನ್ನು ಓದಿದರು. ಎಸ್.ಎಫ್. ಮಿತಿ ಒಮ್ಮೆಲೇ ಸುಮಾರು ಆರು ವ್ಯಂಜನಗಳಿಗೆ ಇಳಿಯಿತು. ಅಷ್ಟು ದಿನಗಳ ದುಡಿಮೆಯಲ್ಲಿ ಒಂದು ಅಕ್ಷರದಷ್ಟೂ ಅತ್ತ ಕಡೆಗೆ ಹರಿದಿರಲಿಲ್ಲ. ಇನ್ನೊಂದು ದಿನ ಓಟದ ಸಮಯಗಳಾಗಿ ಮಾಡಲು ಬರದಂಥ ಅಂಕಿಗಳನ್ನೇ ಆರಿಸಿ ಓದಿದಾಗ ಸಾಧನೆ ಹೆಚ್ಚುಕಡಿಮೆ ಆರಂಭದ ಮಟ್ಟಕ್ಕೆ ಕುಸಿಯಿತು. ಎಲ್ಲವೂ ಓಟದ ಸಮಯಗಳೇ ಆಗುವಂತೆ ಜೋಡಿಸಿದ ಸರಣಿಗಳನ್ನು ಕೊಟ್ಟಾಗ ಶೇಕಡಾ 22ರಷ್ಟು ಏರಿತು. ಗುನುಗುವ ಬಾಲ ಮಾತ್ರ ಮೊದಲಿನಿಂದ ಕೊನೆಯವರೆಗೆ ಆರು ಅಂಕಿಗಳನ್ನು ದಾಟಲಿಲ್ಲ, ಬಿಡಿ ಗುಂಪುಗಳೂ ಐದು ಅಂಕಿಗಳ ಮೇಲೆ ಹೋಗಲಿಲ್ಲ. ಮಿಲ್ಲರ್ ಹೇಳಿದ ಇಕ್ಕಟ್ಟಾದ ಬಾಗಿಲು ಇದ್ದಲ್ಲಿಯೇ ಇತ್ತು. ಬದಲಾದದ್ದು ಆ ಬಾಗಿಲಿನ ಮೂಲಕ ಒಳಗೆ ಹೋಗುವ ಮೂಟೆಯ ಗಾತ್ರ, ಒಳಗೆ ಹೋದ ಮೇಲೆ ಅದನ್ನು ಎಲ್ಲಿಟ್ಟಿದೆಯೆಂಬ ಗುರುತು.

ಚೇಸ್ ಅವರಿಗೆ ಇದರಲ್ಲಿ ಪರಿಚಿತವಾದ ಒಂದು ಜಾಡು ಕಂಡಿರಬೇಕು. ಅವರೂ ಹರ್ಬರ್ಟ್ ಸೈಮನ್ನರೂ 1973ರಲ್ಲಿ ಪ್ರಕಟಿಸಿದ ಚದುರಂಗದ ಅಧ್ಯಯನದಲ್ಲಿ, ನಿಜವಾದ ಆಟವೊಂದರ ಹಲಗೆಯನ್ನು ಐದು ಸೆಕೆಂಡು ನೋಡಿದ ನುರಿತ ಆಟಗಾರ ಕಾಯಿಗಳನ್ನು ಹೊಸಬನಿಗಿಂತ ಎಷ್ಟೋ ಚೆನ್ನಾಗಿ ಮರುಜೋಡಿಸಿದ್ದ. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಾಪಿಲ್ಲಿಯಾಗಿ ಇಟ್ಟಾಗ ಅವನ ಮೇಲುಗೈ ಬಹುಮಟ್ಟಿಗೆ ಇಲ್ಲವಾಗಿತ್ತು. ಅಲ್ಲಿಯೂ ಬಲವಿದ್ದದ್ದು ಕಣ್ಣಿಗಲ್ಲ, ಆಟದ ತಿಳಿವಳಿಕೆಗೆ. ‘ಮೆದುಳಿಗೆ ವ್ಯಾಯಾಮ’ ಎಂಬ ಹೆಸರಿನಲ್ಲಿ ಒಂದು ಆಟವನ್ನು ಆಡಿಸಿ ಒಟ್ಟಾರೆ ಬುದ್ಧಿಯನ್ನೇ ಚುರುಕುಗೊಳಿಸುವ ಭರವಸೆ ಕೊಡುವವರನ್ನು ಕಂಡಾಗ ನನಗೆ ಆ ಆರು ವ್ಯಂಜನಗಳು ನೆನಪಾಗುತ್ತವೆ.

ಒಬ್ಬರ ಪ್ರಕರಣದ ತೂಕ

ಒಬ್ಬ ವ್ಯಕ್ತಿಯ ಕಥೆಯಿಂದ ಎಷ್ಟನ್ನು ಹೇಳಬಹುದು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಲೇಬೇಕು. ತಕ್ಕ ಸಂಕೇತ ಪದ್ಧತಿಯೊಂದಿದ್ದರೆ ಅಭ್ಯಾಸದಿಂದ ಬೆಳೆಯುವ ನೆನಪಿಗೆ ಮಿತಿಯೇ ಇರುವಂತೆ ಕಾಣುವುದಿಲ್ಲ ಎಂಬ ಅರ್ಥದ ಮಾತಿನಿಂದ 1980ರ ವರದಿಯ ಸಾರಾಂಶ ಮುಗಿಯುತ್ತದೆ. ಕೈಯಲ್ಲಿದ್ದ ಪುರಾವೆಗಿಂತ ಆ ಮಾತು ಒಂದು ಹೆಜ್ಜೆ ಮುಂದೆ ಹೋಗಿದೆಯೆಂದು ನನ್ನ ಅಭಿಪ್ರಾಯ. ಎಸ್.ಎಫ್. ಪಾಲಿಗೆ ಅನುಕೂಲವಾಗಿ ಒದಗಿದ ಎರಡು ಸಂಗತಿಗಳಿದ್ದವು. ಅಂಕಿಗಳಿಗೆ ಹೊಂದುವ ತಿಳಿವಳಿಕೆಯ ದಾಸ್ತಾನು ಅವರಲ್ಲಿ ಮೊದಲೇ ಇತ್ತು. ಜೊತೆಗೆ, ಗಡಿಯಾರದೊಂದಿಗೆ ಸೆಣಸುವುದು, ನಿನ್ನೆಯ ಸಮಯಕ್ಕಿಂತ ಇಂದು ಚೂರು ಮುಂದೆ ಹೋಗುವುದು, ದಣಿದ ಮೇಲೂ ಮರುದಿನ ಬರುವುದು ದೂರದ ಓಟಗಾರರಿಗೆ ಹೊಸತಲ್ಲ. ಅರ್ಧದಷ್ಟು ಸಲ ಸೋಲುತ್ತಲೇ ಇಪ್ಪತ್ತು ತಿಂಗಳು ಒಂದೇ ಕೆಲಸಕ್ಕೆ ಅಂಟಿಕೊಳ್ಳುವ ಮನಸ್ಸು ಎಲ್ಲರಿಗೂ ಇರುವುದಿಲ್ಲ, ಅದನ್ನು ಪ್ರಯೋಗಶಾಲೆ ಅವರಿಗೆ ಕಲಿಸಿಕೊಟ್ಟದ್ದೂ ಅಲ್ಲ.

ಅರ್ಧದಷ್ಟು ಸರಣಿಗಳಲ್ಲಿ, ಸರಣಿ ಮುಗಿದ ಮೇಲೆ ಮನಸ್ಸಿನೊಳಗಿನದನ್ನು ವಿವರಿಸಬೇಕಾಗಿದ್ದ ಆ ನಿಯಮವೂ ಅಭ್ಯಾಸಕ್ಕೆ ನೆರವಾಗಿರಬಹುದೆಂಬ ಅನುಮಾನ ನನಗಿದೆ. ಸಂಶೋಧಕರು ಅದನ್ನು ಇಟ್ಟದ್ದು ತಮ್ಮ ದತ್ತಾಂಶಕ್ಕಾಗಿ. ಆದರೆ ‘ಎಲ್ಲಿ ತಪ್ಪಿತು, ಆಗ ಏನು ಯೋಚಿಸುತ್ತಿದ್ದೆ’ ಎಂದು ದಿನವೂ ಇನ್ನೊಬ್ಬರಿಗೆ ಹೇಳಬೇಕಾದವನು ತನ್ನ ತಪ್ಪನ್ನು ತಾನೇ ನೋಡದೆ ಇರಲು ಸಾಧ್ಯವಿಲ್ಲ. ಒಳ್ಳೆಯ ಗುರು ಮಾಡುವ ಕೆಲಸದ ಒಂದು ಪಾಲು ಇದೇ ಅಲ್ಲವೇ.

ಗಂಟೆಗಳ ಲೆಕ್ಕದ ಬಗ್ಗೆ ಒಂದು ಮಾತು. ಎರಿಕ್ಸನ್ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ 1993ರಲ್ಲಿ ಪ್ರಕಟಿಸಿದ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಿಂದ ‘ಹತ್ತು ಸಾವಿರ ಗಂಟೆ’ ಎಂಬ ಮಾತು ಜನಪ್ರಿಯವಾಯಿತು. ಅದು ಒಂದು ಗುಂಪಿನ ಸರಾಸರಿಯಷ್ಟೇ, ದಾಟಿದವರೆಲ್ಲ ಪರಿಣತರಾಗುವ ಗೆರೆಯಲ್ಲ. ಎಸ್.ಎಫ್. ತಮ್ಮ ಕಿರಿದಾದ ಕ್ಷೇತ್ರದಲ್ಲಿ ಅದರ ನಲವತ್ತನೆಯ ಒಂದು ಪಾಲಿಗೂ ಕಡಿಮೆ ಸಮಯದಲ್ಲಿ ಅಂದಿಗೆ ಅಸಾಧಾರಣವೆನಿಸಿದ ಎತ್ತರಕ್ಕೆ ಹೋದರು. ಇನ್ನೊಂದು ಬದಿಯಲ್ಲಿ, ಬ್ರೂಕ್ ಮ್ಯಾಕ್‌ನಮಾರಾ ಮತ್ತು ಜೊತೆಗಾರರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಚದುರಂಗದಂಥ ಆಟಗಳಲ್ಲಿ ಶೇಕಡಾ 26, ಸಂಗೀತದಲ್ಲಿ 21, ಕ್ರೀಡೆಯಲ್ಲಿ 18, ಶಿಕ್ಷಣದಲ್ಲಿ 4 ಮಾತ್ರ ಇತ್ತು. ಅಭ್ಯಾಸ ಸಣ್ಣದೆಂದು ಇದರ ಅರ್ಥವಲ್ಲ, ಅದೊಂದೇ ಎಲ್ಲವೂ ಅಲ್ಲ. ಎಸ್.ಎಫ್. ಕೆಲಸದಲ್ಲಿ ಸರಿ ತಪ್ಪು ಕ್ಷಣಾರ್ಧದಲ್ಲಿ ತಿಳಿಯುತ್ತಿತ್ತು, ಅಳತೆ ಒಂದೇ ಸಂಖ್ಯೆಯಲ್ಲಿ ಸಿಗುತ್ತಿತ್ತು. ಬರವಣಿಗೆಗೂ ಪಾಠ ಹೇಳುವುದಕ್ಕೂ ಇಂಥ ಅದೃಷ್ಟವಿಲ್ಲ. ಅಲ್ಲಿ ತಪ್ಪನ್ನು ತೋರಿಸುವ ಕನ್ನಡಿಯನ್ನೇ ಮೊದಲು ಹುಡುಕಿಕೊಳ್ಳಬೇಕಾಗುತ್ತದೆ.

ನಂತರ ಬಂದ ಇಬ್ಬರು

ಎಸ್.ಎಫ್. ನಂತರ ಇನ್ನೊಬ್ಬ ವಿದ್ಯಾರ್ಥಿನಿ ಇದೇ ಅಭ್ಯಾಸವನ್ನು ಕೈಗೆತ್ತಿಕೊಂಡರು. ಅವರಿಗೆ ಓಟದ ಪದ್ಧತಿಯನ್ನು ಹೇಳಿಕೊಟ್ಟಿರಲಿಲ್ಲ. ದಿನಾಂಕ, ಗಂಟೆ ಮುಂತಾದ ದಿನಬಳಕೆಯ ಸಂಗತಿಗಳಿಗೆ ಅಂಕಿಗಳನ್ನು ಜೋಡಿಸುತ್ತಾ ಅವರು ಇಪ್ಪತ್ತರ ಹತ್ತಿರ ಬಂದರು, ಅಲ್ಲಿಂದ ಮುಂದೆ ಎಷ್ಟೋ ಗಂಟೆ ದುಡಿದರೂ ಅಲುಗಾಡಲಿಲ್ಲ, ಕೊನೆಗೆ ಬಿಟ್ಟುಬಿಟ್ಟರು. ವ್ಯತ್ಯಾಸವಿದ್ದದ್ದು ಒಂದು ಕಡೆ. ಸರಣಿಯನ್ನು ಹೇಗೆ ಒಡೆಯಬೇಕೆಂಬುದನ್ನು ಎಸ್.ಎಫ್. ಮೊದಲೇ ನಿಶ್ಚಯಿಸಿಕೊಂಡು ಕೂರುತ್ತಿದ್ದರು. ಇವರು ಅಂಕಿಗಳು ಕಿವಿಗೆ ಬಿದ್ದ ಮೇಲೆ, ಯಾವುದು ಯಾವುದಕ್ಕೆ ಹೊಂದುತ್ತದೆಂದು ಆ ಕ್ಷಣದಲ್ಲೇ ಹುಡುಕುತ್ತಿದ್ದರು. ಸರಣಿ ಚಿಕ್ಕದಾಗಿರುವವರೆಗೆ ಆ ಜಾಣ್ಮೆ ಸಾಕಾಗುತ್ತದೆ, ಬಹುಶಃ ಹೆಚ್ಚು ಚುರುಕಾಗಿಯೂ ಕಾಣುತ್ತದೆ. ಗುಂಪುಗಳು ಐದಾರಾದಾಗ ಮಾತ್ರ, ಇಡಲು ಗೂಡಿಲ್ಲದ ಸಾಮಾನು ನೆಲದ ಮೇಲೆ ರಾಶಿಬೀಳುತ್ತದೆ. ಈ ವಿದ್ಯಾರ್ಥಿನಿಯ ಗಂಟೆಗಳೇನೂ ಶ್ರದ್ಧೆಯಿಲ್ಲದ ಗಂಟೆಗಳಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಮತ್ತೊಬ್ಬರು ಡಿ.ಡಿ. ಅವರೂ ಓಟಗಾರರೇ. ಅವರಿಗೆ ಎಸ್.ಎಫ್. ತಮ್ಮ ಪದ್ಧತಿಯನ್ನು ಕೂತು ಹೇಳಿಕೊಟ್ಟರು. ಆದ್ದರಿಂದ ಮೊದಲ ಇಪ್ಪತ್ತು ಅಂಕಿಗಳವರೆಗೆ ಡಿ.ಡಿ. ತಮ್ಮ ಗುರುವಿಗಿಂತ ಬೇಗ ಬೆಳೆದರು. ಆಮೇಲೆ ವೇಗ ಕುಗ್ಗಿತು. ಕಲಿತ ಪದ್ಧತಿ ಇನ್ನೊಬ್ಬರ ಮನಸ್ಸಿನ ಅಳತೆಗೆ ಹೊಲಿದದ್ದಾಗಿತ್ತು, ಅದನ್ನು ಬಿಚ್ಚಿ ತಮ್ಮ ಅಳತೆಗೆ ಮತ್ತೆ ಹೊಲಿದುಕೊಳ್ಳಬೇಕಾಯಿತು. ಗುಂಪುಗಳನ್ನು ಗೂಡುಗಳಲ್ಲಿ ಇಡುವ ವಿಧಾನವನ್ನು ಅವರು ತಮ್ಮದೇ ರೀತಿಯಲ್ಲಿ ಕಟ್ಟಿಕೊಂಡರು, ವರ್ಷಗಳ ಕಾಲ ಮುಂದುವರಿಸಿ ನೂರು ಅಂಕಿಗಳನ್ನು ದಾಟಿದರು. 2011ರ ಹೊತ್ತಿಗೆ ನೆನಪಿನ ಸ್ಪರ್ಧೆಗಳಲ್ಲಿ ಇದೇ ಸೆಕೆಂಡಿಗೊಂದರ ವೇಗದಲ್ಲಿ 300 ಅಂಕಿಗಳನ್ನು ಒಪ್ಪಿಸಿದವರಿದ್ದರು. ಅಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಓಟದ ಸಮಯಗಳಲ್ಲ. ಅಂಕಿಗಳನ್ನು ಚಿತ್ರಗಳಾಗಿ ಮಾರ್ಪಡಿಸಿ, ಚೆನ್ನಾಗಿ ಗೊತ್ತಿರುವ ಮನೆಯೊಂದರ ಕೋಣೆ ಕೋಣೆಗಳಲ್ಲಿ ಇಡುತ್ತಾ ಹೋಗುವ ಪ್ರಾಚೀನ ಪದ್ಧತಿ.